ಲೆಸೊ ಬಟ್ಟೆಯ ರವಿಕೆ ಕಣ

ವತ್ಸಲಕ್ಕ ದಿನ ಬಿಟ್ಟು ದಿನ ಗಂಡನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನಮ್ಮ ಕಟ್ಟಡದ ಗೇಟಿನಿಂದ ಎಡಕ್ಕೆ ತಿರುಗುತ್ತಿದ್ದರು. ಕಾಲುದಾರಿಯ ಸಿಮೆಂಟು ಕಿತ್ತುಹೋಗಿತ್ತು. ಮುಂದಿನ ಗಾಲಿ ಗುಂಡಿಗೆ ಬಿದ್ದಾಗಲೆಲ್ಲ ಅವರು ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ, ಎದೆಯಿಂದ ಒತ್ತಿ ದಾಟಿಸುತ್ತಿದ್ದರು. ದಾರಿ ಮುಗಿಯುವಲ್ಲಿ ಸರ್ಕಾರಿ ಆರೋಗ್ಯ ಕೇಂದ್ರ. ಹಸಿರು ಬಣ್ಣದ ತಗಡಿನ ಸೂರು, ಹೊರಗೆ ಉದ್ದನೆಯ ಬೆಂಚು, ಬೆಂಚಿನ ತುಂಬ ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರು. ಪಾರ್ಕ್‌ಲ್ಯಾಂಡ್ಸ್ ಬಡಾವಣೆಯಲ್ಲಿ ದೊಡ್ಡ ಖಾಸಗಿ ಆಸ್ಪತ್ರೆಯೂ ಇದೆ. ಅದರ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಆದರೆ ಒಳಗೆ ಹೋಗುವ ಶಕ್ತಿ ಈ ಗಂಡಹೆಂಡಿರಿಗೆ ಇರಲಿಲ್ಲ.

ದ್ವಾರಕಾನಾಥ್ ಭಾವ ಎಂಬಕಸಿಯ ಸರಕು ಸಾಗಣೆ ಕಂಪನಿಯೊಂದರಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದವರು. ಮದುವೆಯಾದ ಹೊಸದರಲ್ಲೇ ನಂಜನಗೂಡಿನಿಂದ ವತ್ಸಲಕ್ಕನನ್ನು ಕಡಲಾಚೆಯ ಈ ದೇಶಕ್ಕೆ ಕರೆದುಕೊಂಡು ಬಂದಿದ್ದರು. ಕಂಪನಿ ಕಳಿಸಿ ಮೂರು ವರ್ಷಕ್ಕೆ ವಾಪಸು ಹೋಗುವ ನಮ್ಮಂಥವರಲ್ಲ. ಇಲ್ಲಿಯ ಪೌರತ್ವ ತೆಗೆದುಕೊಂಡು, ಇಲ್ಲಿಯೇ ಮಗಳನ್ನು ಓದಿಸಿ, ಇಲ್ಲಿಯದೇ ದೂರದ ಊರು ಕಿಸುಮುವಿಗೆ ಮದುವೆ ಮಾಡಿಕೊಟ್ಟು ಉಳಿದುಕೊಂಡವರು. ಸಕ್ಕರೆ ಕಾಯಿಲೆಯಿಂದ ಭಾವನ ಬಲಗಾಲಿನಲ್ಲಿ ಹುಣ್ಣಾಯಿತು. ಬೂಟಿನೊಳಗೆ ಸೇರಿದ್ದ ಸಣ್ಣ ಕಲ್ಲು ಒತ್ತಿದ್ದು ಅವರಿಗೆ ತಿಳಿದೇ ಇರಲಿಲ್ಲ. ಕಂಪನಿ ಮನೆಗೆ ಕಳಿಸಿತು. ಹುಣ್ಣು ಮಾತ್ರ ಮಾಯುವ ಹಾಗೆ ಕಂಡು ಮತ್ತೆ ಬಾಯಿ ಬಿಡುತ್ತಿತ್ತು.

ಆ ಹುಣ್ಣನ್ನು ತೊಳೆದು ಕಟ್ಟುತ್ತಿದ್ದವಳು ನರ್ಸ್ ಎಸ್ತರ್ ನ್ಯೋಕಾಬಿ. ಭಾರಿ ಆಳು, ಗಟ್ಟಿ ದನಿ, ಬಿಸಿನೀರಿನಷ್ಟೇ ಬಿಸಿ ನಾಲಿಗೆ. ಇಲ್ಲಿಯ ಪದ್ಧತಿಯಂತೆ ವತ್ಸಲಕ್ಕನನ್ನು ಮಗಳ ಹೆಸರು ಸೇರಿಸಿ, ನಿಹಾರಿಕಾಳ ತಾಯಿ ಎನ್ನುವಂತೆ "ಮಾಮಾ ನಿಹಾರಿಕಾ" ಎಂದೂ, ಭಾವನನ್ನು ಯಜಮಾನರೇ ಎನ್ನುವ ಅರ್ಥದಲ್ಲಿ "ಮ್ಜೇ" ಎಂದೂ ಕರೆಯುತ್ತಿದ್ದಳು. ಅವರ ಮಾತೆಲ್ಲ ಸ್ವಾಹಿಲಿಯಲ್ಲಿ. ವತ್ಸಲಕ್ಕನಿಗೆ ಇಂಗ್ಲಿಷಿಗಿಂತ ಅದೇ ಸಲೀಸು.

"ಮ್ಜೇ, ನಿನ್ನೆ ಏನು ತಿಂದ್ರಿ?"

"ಬರೀ ಚಪಾತಿ."

"ಕಾಲು ಬೇರೆ ಏನೋ ಹೇಳ್ತಿದೆ. ಮಾಮಾ ನಿಹಾರಿಕಾ, ನಿಮ್ಮನೇಲಿ ಸಿಹಿ ಡಬ್ಬ ಎಲ್ಲಿಡ್ತೀರಿ?"

"ಮೇಲಿನ ಶೆಲ್ಫಲ್ಲಿ."

"ಇವರಿಗೆ ಒಂದು ಕಾಲು ಚೆನ್ನಾಗೇ ಇದೆಯಲ್ಲ, ಅದರ ಮೇಲೆ ನಿಂತ್ಕೊಂಡು ತೆಗೀತಾರೆ."

ಭಾವ ಸಿಕ್ಕಿಬಿದ್ದ ಹುಡುಗನ ಹಾಗೆ ನಗುತ್ತಿದ್ದರು. ಬೆಂಚಿನ ಮೇಲಿನ ತಾಯಂದಿರೂ ನಗುತ್ತಿದ್ದರು.

ಆ ವರ್ಷ ಜನವರಿಯಲ್ಲಿ ಆರೋಗ್ಯ ಕೇಂದ್ರದ ಕಾಂಪೌಂಡಿಗೆ ಬೋರ್ಡು ಬಿತ್ತು. ಕೇಂದ್ರ ಮುಚ್ಚಿ ಆ ಜಾಗದಲ್ಲಿ ಅಂಗಡಿ ಸಾಲು, ಮೇಲೆ ಕಾರು ನಿಲ್ಲಿಸುವ ಮಹಡಿ. ನಮ್ಮ ವಾರ್ಡಿನ ಸದಸ್ಯ ಅದಕ್ಕೆ ಕೈ ಎತ್ತಿದ್ದಾನೆಂದು ಎಲ್ಲರೂ ಹೇಳುತ್ತಿದ್ದರು. ಆಗಸ್ಟಿನಲ್ಲಿ ಚುನಾವಣೆ. ಗೆಲ್ಲುವ ಹೊಸ ಸದಸ್ಯ ಬೇಡವೆಂದು ಹಟ ಹಿಡಿದರೆ ಯೋಜನೆ ನಿಲ್ಲುತ್ತದೆ, ಹಳಬನೇ ಗೆದ್ದರೆ ಸೆಪ್ಟೆಂಬರಿಗೆ ಬೀಗ. ವಿಷಯ ಇಷ್ಟು ಸರಳವಾಗಿತ್ತು. ನ್ಯೋಕಾಬಿ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಯಾವ ಪಕ್ಷವೂ ಇಲ್ಲದೆ ತಾನೇ ನಿಂತಳು. ಸರ್ಕಾರಿ ನೌಕರಿಯಲ್ಲಿ ಇದ್ದುಕೊಂಡು ನಿಲ್ಲುವ ಹಾಗಿಲ್ಲ. ಸೋತರೆ ಆ ಕೆಲಸ ತಿರುಗಿ ಸಿಗುವುದೂ ಇಲ್ಲ.

"ಹುಚ್ಚು ನಿನಗೆ," ಎಂದರಂತೆ ವತ್ಸಲಕ್ಕ.

"ಹುಚ್ಚೇ. ನೀವು ವೋಟು ಹಾಕಿ, ವಾಸಿಯಾಗುತ್ತೆ," ಎಂದಳಂತೆ ಅವಳು.

ಪ್ರಚಾರದ ದಿನಗಳಲ್ಲೂ ಅವಳು ಸಂಜೆ ಹೊತ್ತಿಗೆ ನಮ್ಮ ಕಟ್ಟಡಕ್ಕೆ ಬಂದು ಭಾವನ ಕಾಲು ನೋಡಿಕೊಂಡು ಹೋಗುತ್ತಿದ್ದಳು. ಅವಳಿದ್ದ ಜಾಗಕ್ಕೆ ಕೇಂದ್ರದಲ್ಲಿ ಬೇರೆ ಯಾರನ್ನೂ ಹಾಕಿರಲಿಲ್ಲ. ಇದ್ದೊಬ್ಬ ನರ್ಸಿಗೆ ಹೆರಿಗೆಗಳನ್ನು ನೋಡುವುದರಲ್ಲೇ ದಿನ ಕಳೆಯುತ್ತಿತ್ತು.

ಇಲ್ಲಿ ಚುನಾವಣೆ ಬಂತೆಂದರೆ ಲಾರಿಯ ಮೇಲಿಂದ ಹಾಡು ಕೇಳುತ್ತದೆ, ಲೆಸೊ ಹಂಚುತ್ತಾರೆ. ಲೆಸೊ ಎಂದರೆ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ, ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಬಣ್ಣದ ಬಟ್ಟೆ. ಅಭ್ಯರ್ಥಿಗಳು ಕಟ್ಟುಗಟ್ಟಲೆ ತಂದು ಗುಂಪಿನ ಮೇಲೆ ಎಸೆಯುತ್ತಾರೆ. ಹೆಂಗಸರು ಹಿಡಿದುಕೊಂಡು ಕುಣಿಯುತ್ತಾರೆ. ಯಾರಿಗೆ ವೋಟೆಂಬುದು ಆ ಮೇಲಿನ ಮಾತು. ನ್ಯೋಕಾಬಿ ಇದೊಂದಕ್ಕೆ ಬೆಂಕಿಯಾಗುತ್ತಿದ್ದಳು. ಮಾರುಕಟ್ಟೆಯ ಮುಂದೆ ತರಕಾರಿ ಪೆಟ್ಟಿಗೆಯ ಮೇಲೆ ನಿಂತು, "ನಾನು ನಿಮಗೆ ಏನೂ ಕೊಡಲ್ಲ. ಒಂದು ದಾರದ ಎಳೆ ಕೂಡ ಕೊಡಲ್ಲ. ಲೆಸೊ ಕೊಟ್ಟವನು ನಿಮ್ಮ ಹೆರಿಗೆ ಮಂಚ ಮಾರ್ತಾನೆ," ಎನ್ನುತ್ತಿದ್ದಳು. ಅವಳ ಹತ್ತಿರ ಇದ್ದ ಬಂಡವಾಳ ಆ ಮಾತೊಂದೇ. ಜನ ಅದನ್ನು ನಂಬಲು ಶುರುಮಾಡಿದ್ದರು.

ಚುನಾವಣೆಗೆ ಮುಂಚಿನ ಶುಕ್ರವಾರ ವರಮಹಾಲಕ್ಷ್ಮಿ ವ್ರತ ಬಂತು.

ವತ್ಸಲಕ್ಕ ಪ್ರತಿ ವರ್ಷ ಕಲಶ ಕೂರಿಸುತ್ತಿದ್ದರು. ನಾವು ನಾಲ್ಕಾರು ಕನ್ನಡದ ಹೆಂಗಸರು, ಎದುರು ಮನೆಯ ಗುಜರಾತಿ ಅಜ್ಜಿ, ಕೆಳಗೆ ತರಕಾರಿ ಮಾರುವವಳು, ಮನೆಗೆಲಸದವಳು, ಇಷ್ಟು ಜನ. ಅರಿಶಿನ ಕುಂಕುಮ, ವೀಳ್ಯದೆಲೆ, ತೆಂಗಿನಕಾಯಿ, ಒಂದು ರವಿಕೆ ಕಣ. ಆ ಸಲ ಅವರು ಹೊಸದಾಗಿ ಹರಕೆ ಹೊತ್ತುಕೊಂಡರು. ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕೂರುವ ತಾಯಂದಿರನ್ನೆಲ್ಲ ಕರೆದು ತಾಂಬೂಲ ಕೊಡುತ್ತೇನೆ, ನ್ಯೋಕಾಬಿ ಗೆಲ್ಲಬೇಕು, ಇವರ ಕಾಲು ಉಳಿಯಬೇಕು ಎಂದು. ಕಲಶದ ಮುಂದೆ ಕೂತು ಅಕ್ಷತೆ ಹಿಡಿದು ಸಂಕಲ್ಪ ಮಾಡಿದಾಗ ನಾನು ಹೂ ಕಟ್ಟುತ್ತಾ ಪಕ್ಕದಲ್ಲೇ ಇದ್ದೆ. ಮೆಲ್ಲಗೆ, ಕನ್ನಡದಲ್ಲಿ ಹೇಳಿಕೊಂಡರು. ನಾನು, ಭಾವ, ದೇವಿ, ಮೂವರೇ ಕೇಳಿಸಿಕೊಂಡವರು.

ಅಷ್ಟು ಜನಕ್ಕೆ ರವಿಕೆ ಕಣ ಎಲ್ಲಿಂದ ತರುವುದು? ಬೆಂಗಳೂರಿನಿಂದ ತರಿಸಲು ಹೊತ್ತಿರಲಿಲ್ಲ. ವತ್ಸಲಕ್ಕ ಹಿಂದಿನ ದಿನವೇ ಮಟಾಟು ಎನ್ನುವ ಬಾಡಿಗೆ ವ್ಯಾನು ಹತ್ತಿ ಪೇಟೆಗೆ ಹೋಗಿ, ಕೆಂಪು ಹಳದಿ ಬಣ್ಣದ ಲೆಸೊಗಳನ್ನು ತಂದು, ಕತ್ತರಿಸಿ, ರವಿಕೆ ಕಣದಳತೆಗೆ ಮಡಚಿಟ್ಟಿದ್ದರು.

"ಏನೇ ಇದು, ಚುನಾವಣೆಗೆ ನಿಂತಿದೀಯೇನೇ?" ಎಂದು ಭಾವ ರೇಗಿಸಿದ್ದರು.

"ಸುಮ್ನಿರ್ರೀ. ಕತ್ತರಿಸಿ ಅರಿಶಿನ ಹಚ್ಚಿದ ಮೇಲೆ ಅದು ಲೆಸೊ ಎಲ್ಲಾಗುತ್ತೆ? ಪ್ರಸಾದ ಆಗುತ್ತೆ."

ನಾನೂ ಹಾಗೆಯೇ ತಿಳಿದೆ. ಮಡಿಕೆಗಳಿಗೆ ಒಂದೊಂದು ಬೊಟ್ಟು ಅರಿಶಿನ ಇಟ್ಟವಳು ನಾನೇ.

ಸಂಜೆ ತಾಯಂದಿರು ಬಂದರು. ಚಪ್ಪಲಿಗಳು ಮೆಟ್ಟಿಲವರೆಗೂ ಬಿದ್ದಿದ್ದವು. ಇಲ್ಲಿ ಆಗಸ್ಟಿನಲ್ಲಿ ಚಳಿ, ಕಿಟಕಿ ಮುಚ್ಚಿದ್ದರಿಂದ ಒಳಗೆಲ್ಲ ಗುಲಾಬಿ, ಕರ್ಪೂರ, ಒಬ್ಬಟ್ಟಿನ ತುಪ್ಪ, ಮಕ್ಕಳ ಮೈಯ ಹಾಲಿನ ವಾಸನೆ. ಕುಂಕುಮ ಇಡಿಸಿಕೊಂಡು ಒಬ್ಬರ ಹಣೆ ಒಬ್ಬರು ನೋಡಿ ನಗುತ್ತಿದ್ದರು. ಒಬ್ಬಳು ವೀಳ್ಯದೆಲೆ ಮೂಸಿ, "ಇದನ್ನ ಬೇಯಿಸಬೇಕಾ?" ಎಂದಳು. ತರಕಾರಿಯವಳು ಹಳೆಯ ವಿದ್ಯಾರ್ಥಿನಿಯ ಜಂಬದಿಂದ, "ಏ, ದಡ್ಡಿ, ಅದು ಅಗಿಯೋದು. ನಾನು ಪ್ರತಿ ವರ್ಷ ಬರ್ತೀನಿ," ಎಂದಳು. ಯಾರೂ ವೋಟಿನ ಮಾತೆತ್ತಲಿಲ್ಲ. ವತ್ಸಲಕ್ಕನೂ ಎತ್ತಲಿಲ್ಲ.

ಅಷ್ಟರಲ್ಲಿ ಭಾವನ ಕಾಲು ನೋಡಲು ನ್ಯೋಕಾಬಿ ಬಂದಳು.

"ಏನು ಇಷ್ಟೊಂದು ಜನ?"

"ನಮ್ಮ ಹಬ್ಬ. ಐದೇ ನಿಮಿಷ ಕೂತ್ಕೋ, ಕುಂಕುಮ ತಗೊಂಡು ಹೋಗು."

"ನನ್ನ ಬೂಟು ಕೆಸರು."

"ಬಿಚ್ಚಿ ಬಾ. ದೇವಿ ನೋಡ್ತಿದಾಳೆ."

ಅವಳು ಬಂದು ತಾಯಂದಿರ ನಡುವೆ ಚಾಪೆಯ ಮೇಲೆ ಕೂತಳು. ಕುಂಕುಮ ಇಡಿಸಿಕೊಂಡಳು. ಒಬ್ಬಳು ತಾಯಿ ಸಂತೋಷಕ್ಕೆ ಎಲ್ಲರ ಫೋಟೋ ತೆಗೆದು ಎಲ್ಲರಿಗೂ ಕಾಣುವಂತೆ ತನ್ನ ಫೋನಿನ ಸ್ಟೇಟಸ್ಸಿನಲ್ಲಿ ಹಾಕಿಕೊಂಡಳು. ಕೆಂಪು ಹಳದಿ ಲೆಸೊ ಕೈಯಲ್ಲಿ ಹಿಡಿದ ಹೆಂಗಸರು, ನಡುವೆ ನಗುತ್ತಿರುವ ನ್ಯೋಕಾಬಿ.

ಬೆಳಗಾಗುವುದರೊಳಗೆ ಆ ಫೋಟೋ ಇಡೀ ವಾರ್ಡಿನಲ್ಲಿ ಓಡಾಡಿತು. ಅದರ ಕೆಳಗೆ ಯಾರೋ ಬರೆದಿದ್ದರು: ದಾರದ ಎಳೆ ಕೂಡ ಕೊಡುವುದಿಲ್ಲ ಎಂದವಳನ್ನು ನೋಡಿ.

ಶನಿವಾರ ಬೆಳಿಗ್ಗೆ ಚುನಾವಣಾ ಕಚೇರಿಯಿಂದ ಕರೆ ಬಂತು. ಹಳೆಯ ಸದಸ್ಯನ ಕಡೆಯವರು ದೂರು ಕೊಟ್ಟಿದ್ದರು. ಪ್ರಚಾರಕ್ಕೆ ಅದೇ ಕೊನೆಯ ದಿನ. ನ್ಯೋಕಾಬಿಯ ಜೊತೆಗೆ, ಬಟ್ಟೆ ಕೊಟ್ಟ ವತ್ಸಲಕ್ಕನೂ ಹೇಳಿಕೆ ಕೊಡಬೇಕಿತ್ತು. ಕಲಶ ವಿಸರ್ಜನೆಯೂ ಆಗಿರಲಿಲ್ಲ. "ದೇವೀನ ಕೂರಿಸಿಟ್ಟೇ ಹೋಗ್ಬೇಕಲ್ಲ ಲೀಲಾ," ಎನ್ನುತ್ತಾ ನನ್ನ ಕೈ ಹಿಡಿದು ಮೆಟ್ಟಿಲಿಳಿದರು. ಕೈ ತಣ್ಣಗಿತ್ತು.

ಕಚೇರಿಯೆಂದರೆ ಒಂದು ಶಾಲೆಯ ಕೊಠಡಿ. ಹೊರಗೆ ಪಡಸಾಲೆಯಲ್ಲಿ ನ್ಯೋಕಾಬಿ ಗೋಡೆಗೊರಗಿ ನಿಂತಿದ್ದಳು. ಅವಳ ಕಣ್ಣುಗಳು ಕೆಂಪಾಗಿದ್ದವು.

"ಮಾಮಾ ನಿಹಾರಿಕಾ, ಹೆದರ್ಬೇಡಿ. ಇದು ನಮ್ಮ ಹಬ್ಬ, ಪ್ರತಿ ವರ್ಷ ಕೊಡ್ತೀವಿ, ಚುನಾವಣೆಗೂ ಇದಕ್ಕೂ ಸಂಬಂಧ ಇಲ್ಲ ಅನ್ನಿ. ಅಷ್ಟೇ. ಅದು ನಿಜ ತಾನೇ?"

ವತ್ಸಲಕ್ಕ ತಲೆಯಾಡಿಸಿದರು. ಆದರೆ ನನ್ನ ಕಡೆ ನೋಡಲಿಲ್ಲ. ಹರಕೆಯ ವಿಷಯ ನ್ಯೋಕಾಬಿಗೆ ಗೊತ್ತೇ ಇರಲಿಲ್ಲ.

ಒಳಗೆ ಮೂವರು ಕೂತಿದ್ದರು. ನಡುವಿನವಳು ಕನ್ನಡಕ ಹಾಕಿದ, ಸೌಮ್ಯ ಮುಖದ ಹೆಂಗಸು. ದೂರು ಕೊಟ್ಟವರು ಒಂದು ಪಕ್ಕಕ್ಕೆ, ನ್ಯೋಕಾಬಿ ಇನ್ನೊಂದು ಪಕ್ಕಕ್ಕೆ. ನನ್ನನ್ನು ಬಾಗಿಲ ಬಳಿ ಕೂರಲು ಬಿಟ್ಟರು.

"ಪ್ರಮಾಣಕ್ಕೆ ಬೈಬಲ್ ಕೊಡ್ಲಾ ಮಾಮಾ? ಕುರಾನೂ ಇದೆ," ಎಂದಳು ಕನ್ನಡಕದ ಹೆಂಗಸು.

"ಏನೂ ಬೇಡಮ್ಮ. ನನ್ನ ದೇವಿ ಮನೇಲಿ ಕೂತಿದಾಳೆ. ಅವಳ ಆಣೆ."

"ಸರಿ. ಈ ಬಟ್ಟೆ ಕೊಟ್ಟಿದ್ದು ನೀವಾ?"

"ನಾನೇ. ತಂದಿದ್ದೂ ನಾನೇ. ನ್ಯೋಕಾಬಿಗೆ ಗೊತ್ತೇ ಇಲ್ಲ."

"ಪ್ರತಿ ವರ್ಷ ಕೊಡ್ತೀರಾ?"

"ಕೊಡ್ತೀನಿ."

"ಇಷ್ಟು ಜನಕ್ಕೆ?"

"ಇಲ್ಲ."

"ಈ ವರ್ಷ ಯಾಕೆ ಇಷ್ಟು ಜನಕ್ಕೆ?"

ವತ್ಸಲಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ನ್ಯೋಕಾಬಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಕನ್ನಡಕದ ಹೆಂಗಸು ಪೆನ್ನು ಕೆಳಗಿಟ್ಟಳು.

"ನೇರವಾಗಿ ಕೇಳ್ತೀನಿ ಮಾಮಾ. ಈ ಅಭ್ಯರ್ಥಿ ಗೆಲ್ಲಲಿ ಅಂತ ಇದನ್ನೆಲ್ಲ ಕೊಟ್ರಾ? ಹೌದಾ, ಇಲ್ಲವಾ?"

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಳ್ಳೆಂದು ಹೇಳುವವರು ಯಾರೂ ಇರಲಿಲ್ಲ. ಮನೆಯಲ್ಲಿ ಕಾಲು ಚಾಚಿಕೊಂಡು ಕೂತಿದ್ದ ಗಂಡ, ಹಸಿರು ತಗಡಿನ ಸೂರು, ಎದುರಿಗೆ ಕೆಲಸ ಬಿಟ್ಟು ನಿಂತಿದ್ದ ನ್ಯೋಕಾಬಿ, ಎಲ್ಲವೂ ಆ ಒಂದು ಮಾತಿಗೆ ಕಾದಿದ್ದವು. ನಾನು ಕಣ್ಣು ಮುಚ್ಚಿ, ಇಲ್ಲ ಅನ್ನಲಿ ತಾಯೀ, ಅನ್ನಲಿ ಎಂದು ಬೇಡಿಕೊಂಡೆ. ಸುಳ್ಳು ಹೇಳಿಸೆಂದು ದೇವರನ್ನು ಬೇಡಿಕೊಂಡದ್ದು ಅದೇ ಮೊದಲು.

"ಹೌದು," ಎಂದರು ವತ್ಸಲಕ್ಕ. ಆಮೇಲೆ ಅವಸರದಿಂದ, "ಆದ್ರೆ ಆ ಹೆಂಗಸರ ಹತ್ರ ವೋಟು ಕೇಳಿಲ್ಲಮ್ಮ. ಒಂದು ಮಾತೂ ಆಡಿಲ್ಲ. ದೇವೀನ ಕೇಳ್ಕೊಂಡೆ. ಅವರಿಗೆ ಕೊಟ್ರೆ ಅವಳಿಗೆ ಸೇರುತ್ತೆ. ಅವಳು ನಡೆಸಿಕೊಡ್ತಾಳೆ ಅಂತ..."

ದೂರು ಕೊಟ್ಟವರಲ್ಲಿ ಒಬ್ಬ ನಕ್ಕ. ಕನ್ನಡಕದ ಹೆಂಗಸು ನಗಲಿಲ್ಲ. ತುಂಬ ದಣಿದ ದನಿಯಲ್ಲಿ, "ಮಾಮಾ, ನಿಮ್ಮ ದೇವಿ ಈ ವಾರ್ಡಿನ ಮತದಾರಳಲ್ಲ. ಆ ಹೆಂಗಸರು ಮತದಾರರು," ಎಂದಳು.

ನ್ಯೋಕಾಬಿ ತಿರುಗಿ ವತ್ಸಲಕ್ಕನನ್ನು ನೋಡಿದಳು. ಮೊದಲ ಸಲ ನೋಡುತ್ತಿರುವವಳ ಹಾಗೆ.

ಮಧ್ಯಾಹ್ನದ ಹೊತ್ತಿಗೆ ತೀರ್ಮಾನವಾಯಿತು. ನ್ಯೋಕಾಬಿಗೆ ದಂಡ, ಛೀಮಾರಿ, ಕೊನೆಯ ದಿನದ ಪ್ರಚಾರಕ್ಕೆ ತಡೆ. ಹೆಸರು ಮತಪತ್ರದಲ್ಲಿ ಉಳಿಯಿತು. ಆದರೆ ಆದೇಶದ ಪ್ರತಿಯೂ ಫೋಟೋ ಹೋದ ದಾರಿಯಲ್ಲೇ ಹೋಯಿತು. ಪಡಸಾಲೆಯಲ್ಲಿ ನ್ಯೋಕಾಬಿ ನಮ್ಮನ್ನು ದಾಟಿ ಹೋಗುವಾಗ ಒಂದು ಕ್ಷಣ ನಿಂತಳು.

"ಒಂದು 'ಇಲ್ಲ' ಅನ್ನೋಕೆ ನಿಮ್ಮ ದೇವರು ಬಿಡಲಿಲ್ವಾ?"

ವತ್ಸಲಕ್ಕ ಅವಳ ಕೈ ಹಿಡಿಯಲು ಹೋದರು. ನ್ಯೋಕಾಬಿ ಕೈ ಹಿಂದಕ್ಕೆಳೆದುಕೊಂಡಳು.

"ನನ್ನ ಕೆಲಸ ಹೋಯ್ತು ಮಾಮಾ. ಆ ಹೆಂಗಸರ ಹೆರಿಗೆ ಮಂಚಾನೂ ಹೋಯ್ತು. ನಿಮ್ಮ ದೇವರ ಹತ್ರ ನೀವು ಮಾತ್ರ ಚೆನ್ನಾಗಿದೀರಿ."

ಮಂಗಳವಾರ ವತ್ಸಲಕ್ಕ ಚಳಿಯಲ್ಲಿ ಸಾಲು ನಿಂತು ವೋಟು ಹಾಕಿ ಬಂದರು. ಸಾಲಿನಲ್ಲಿ ಬೆಂಚಿನ ತಾಯಂದಿರು ಇದ್ದರು. ಕೆಲವರು ಮಾತಾಡಿಸಿದರು, ಕೆಲವರು ಮುಖ ತಿರುಗಿಸಿದರು. ನ್ಯೋಕಾಬಿ ಸೋತಳು. ದೊಡ್ಡ ಅಂತರದಲ್ಲಿ ಸೋತಿದ್ದರೆ ಒಂದು ಸಮಾಧಾನವಿರುತ್ತಿತ್ತು. ಸ್ವಲ್ಪದರಲ್ಲಿ ಸೋತಳು. ಹೇಳಿದ ಹಾಗೆಯೇ ಸೆಪ್ಟೆಂಬರಿನಲ್ಲಿ ಆರೋಗ್ಯ ಕೇಂದ್ರಕ್ಕೆ ಬೀಗ ಬಿತ್ತು. ಬೆಂಚನ್ನು ಯಾರೋ ಹೊತ್ತುಕೊಂಡು ಹೋದರು.

ಆಮೇಲೆ ಕಾಲಿಗೆ ಬ್ಯಾಂಡೇಜು ಕಟ್ಟುವವರು ಯಾರು? ಇನ್ನೊಂದು ಸರ್ಕಾರಿ ಕೇಂದ್ರ ಎರಡು ಮಟಾಟು ದೂರ. ಗಾಲಿಕುರ್ಚಿಯನ್ನು ಮಟಾಟಿನವರು ಹತ್ತಿಸಿಕೊಳ್ಳುವುದಿಲ್ಲ. ನನ್ನ ಯಜಮಾನರು ಬಿಡುವಿದ್ದಾಗ ಕಾರಿನಲ್ಲಿ ಕರೆದುಕೊಂಡು ಹೋದರು. ಬಿಡುವಿಲ್ಲದ ದಿನಗಳೇ ಹೆಚ್ಚು. ಆ ದಿನಗಳಲ್ಲಿ ವತ್ಸಲಕ್ಕ ತಾವೇ ನೀರು ಕುದಿಸಿ ಆರಿಸಿ, ತೊಳೆದು ಕಟ್ಟುತ್ತಿದ್ದರು. ಭಾವ ಗೋಡೆಯ ಕಡೆ ಮುಖ ಮಾಡಿ, "ನೋವಿಲ್ಲ ಕಣೆ, ಮಾಡು," ಎನ್ನುತ್ತಿದ್ದರು. ನೋವಿಲ್ಲದಿರುವುದೇ ಕೆಟ್ಟ ಲಕ್ಷಣವೆಂದು ನ್ಯೋಕಾಬಿ ಹಿಂದೆ ಎಷ್ಟೋ ಸಲ ಹೇಳಿದ್ದಳು.

ಹೆಬ್ಬೆರಳು ಕಪ್ಪಾಗತೊಡಗಿದಾಗ ವತ್ಸಲಕ್ಕ ನನ್ನನ್ನು ಕರೆದುಕೊಂಡು ಕಂಗೆಮಿಗೆ ಹೋದರು. ನ್ಯೋಕಾಬಿಯ ಬಾಡಿಗೆ ಕೋಣೆ ಅಲ್ಲಿತ್ತು. ತಗಡಿನ ಗೇಟಿನಾಚೆ ಅವಳು ಬಟ್ಟೆ ಒಣಹಾಕುತ್ತಿದ್ದಳು. ನಮ್ಮನ್ನು ಕಂಡಳು. ಗೇಟು ತೆರೆಯಲಿಲ್ಲ. ಒದ್ದೆ ಬೆಡ್‌ಶೀಟಿನ ಹಿಂದಿನಿಂದಲೇ ಕೇಳಿದಳು.

"ಮ್ಜೇ ಕಾಲು?"

"ಹೆಬ್ಬೆರಳು ಕಪ್ಪಾಗಿದೆ."

"ವಾಸನೆ?"

"ಇದೆ."

"ಜ್ವರ?"

"ನಿನ್ನೆಯಿಂದ."

ವತ್ಸಲಕ್ಕ ಗೇಟಿನ ತಗಡಿಗೆ ಹಣೆ ಹಚ್ಚಿ, "ಒಂದು ಸಲ ಬಂದು ನೋಡು. ನನಗೋಸ್ಕರ ಬೇಡ. ಅವರೇನು ಮಾಡಿದ್ರು?" ಎಂದರು.

"ನಾನು ಬಂದು ನೋಡೋ ಕಾಲ ದಾಟಿದೆ. ಇವತ್ತೇ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹಾಕಿ. ನಾಳೆ ಅಲ್ಲ, ಇವತ್ತು. ಕಾಲು ಹೋಗುತ್ತೆ, ಜೀವ ಹೋಗಬಾರದು." ಬೆಡ್‌ಶೀಟು ಅಲ್ಲಾಡಿತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವಳು ಹೇಳಿದ ಹಾಗೆಯೇ ಆಯಿತು. ಮೊಣಕಾಲಿನ ಕೆಳಗೆ ತೆಗೆದರು. ಜೀವ ಉಳಿಯಿತು.

ಮೊನ್ನೆ ನಾನು ಹೋದಾಗ ವತ್ಸಲಕ್ಕ ಬಾಲ್ಕನಿಯಲ್ಲಿ ಕೂತು ಭಾವನ ಪ್ಯಾಂಟುಗಳ ಬಲಗಾಲನ್ನು ಮಡಚಿ ಹೊಲಿಯುತ್ತಿದ್ದರು. ಎಲ್ಲ ಪ್ಯಾಂಟುಗಳಿಗೂ ಹಾಗೆಯೇ ಮಾಡಬೇಕಿತ್ತು. ರಸ್ತೆಯ ಕೊನೆಯಲ್ಲಿ ಹಸಿರು ಸೂರು ಇದ್ದ ಜಾಗದಿಂದ ಕಾಂಕ್ರೀಟು ಕಲೆಸುವ ಯಂತ್ರದ ಸದ್ದು ಬರುತ್ತಿತ್ತು.

"ಲೀಲಾ," ಎಂದರು ತಲೆಯೆತ್ತದೆ, "ಈಗ ಯಾರಾದ್ರೂ ಕೇಳಿದ್ರೆ ನಾನು ಇಲ್ಲ ಅಂತೀನಿ. ದೇವಿ ಎದುರಿಗೆ ನಿಂತಿದ್ರೂ ಇಲ್ಲ ಅಂತೀನಿ. ಅವಳು ನನ್ನನ್ನ ಏನು ಬೇಕಾದ್ರೂ ಮಾಡ್ಲಿ."

ತಪ್ಪು ಮಾತೆನ್ನಲೇ? ಅದೇ ಸುಳ್ಳಿಗಾಗಿ ಬಾಗಿಲ ಬಳಿ ಕೂತು ಬೇಡಿಕೊಂಡಿದ್ದವಳು ನಾನು.

ಒಳಗಿನಿಂದ ಭಾವನ ದನಿ ಬಂತು. "ಅನ್ನಲ್ಲಮ್ಮ ಇವಳು. ನಾಳೆ ಕರೆದು ಕೇಳಿದ್ರೂ ಹೌದು ಅಂತಾನೇ ಅನ್ನೋದು. ಇಷ್ಟು ವರ್ಷ ಬಾಳಿದೀನಿ, ನನಗೆ ಗೊತ್ತಿಲ್ವಾ?"

ವತ್ಸಲಕ್ಕ ದಾರವನ್ನು ಹಲ್ಲಿನಿಂದ ಕಡಿದರು. ಹೊಲಿದ ಪ್ಯಾಂಟನ್ನು ತೊಡೆಯ ಮೇಲೆ ಹರಡಿ, ಅಂಗೈಯಿಂದ ಒತ್ತಿ ಒತ್ತಿ ನೇರ ಮಾಡಿದರು.

"ಇಲ್ಲ ಅಂತೀನಿ," ಎಂದರು. ಭಾವನಿಗೆ ಕೇಳಿಸದಷ್ಟು ಮೆಲ್ಲಗೆ.